ಮೀಸೆ ನೋಡಿ ಹೇಳಬೇಡಿ

ಸಕಲೇಶಪುರದ ತಾಯಿಯೊಬ್ಬರ ಪತ್ರ: ಮಗನಿಗೆ 14 ವರ್ಷ 8 ತಿಂಗಳು. ಜೊತೆಯವರಿಗೆಲ್ಲ ಮೀಸೆ ಚಿಗುರಿ ದನಿ ಒಡೆದಿದೆ. ಇವನು ಪ್ರಾರ್ಥನೆಯ ಸಾಲಿನಲ್ಲಿ ಇನ್ನೂ ಮೊದಲಿಗ. ಪ್ರತಿ ಯುಗಾದಿಗೆ ಬಾಗಿಲ ಚೌಕಟ್ಟಿನಲ್ಲಿ ಅವನ ಎತ್ತರದ ಗೆರೆ ಎಳೆಯುತ್ತೇನೆ. ಯಜಮಾನರು 'ನಾನೂ ಹಾಗೇ ಇದ್ದೆ, ಪಿಯುಸಿಯಲ್ಲಿ ಬೆಳೆದೆ' ಅನ್ನುತ್ತಾರೆ. ಅತ್ತೆ ಲೇಹ್ಯ ತರಿಸಿದ್ದಾರೆ. ಯಾರ ಮಾತು ಕೇಳಲಿ?

ಸಂಪಾದಕರ ಉತ್ತರ:

ತಾಯೀ, ನಿಮ್ಮ ಯಜಮಾನರ ಮಾತು ತಳ್ಳಿಹಾಕುವಂಥದ್ದಲ್ಲ. ಹುಡುಗರಲ್ಲಿ ಹರೆಯ ತಡವಾಗಲು ಬಹುಪಾಲು ಕಾರಣ ಅದೇ: ಅಪ್ಪನಿಗೋ ಅಮ್ಮನಿಗೋ ತಡವಾಗಿತ್ತು, ಮಗನಿಗೂ ತಡ. ಆದರೆ ವೈದ್ಯರು ಹಾಗೆನ್ನುವುದು ಬೇರೆ ಕಾರಣಗಳಿಲ್ಲವೆಂದು ನೋಡಿದ ಮೇಲೆ.

ಮೀಸೆಯ ಮಾತು ಬಿಡಿ, ಅದು ಬರುವುದೇ ಕೊನೆಕೊನೆಗೆ. ಹುಡುಗರಲ್ಲಿ ಮೊದಲು ಬದಲಾಗುವುದು ವೃಷಣದ ಗಾತ್ರ. ಅದು ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಮಕ್ಕಳ ಹಾರ್ಮೋನ್ ತಜ್ಞರ ಹತ್ತಿರ ಒಂದು ಮಣಿಸರ ಇರುತ್ತದೆ. ಮೊಟ್ಟೆಯಾಕಾರದ ಮಣಿಗಳು, ಚಿಕ್ಕದರಿಂದ ದೊಡ್ಡದಕ್ಕೆ ಪೋಣಿಸಿದ್ದು, ಒಂದೊಂದರ ಮೇಲೂ ಮಿಲಿಲೀಟರ್ ಲೆಕ್ಕ. ಒಂದು ಕೈಯಲ್ಲಿ ಸರ ಹಿಡಿದು ಇನ್ನೊಂದು ಕೈಯಿಂದ ಹೋಲಿಸಿ ನೋಡುತ್ತಾರೆ. 4ರ ಮಣಿಯಷ್ಟಾಗಿದ್ದರೆ ಮುಖ ನುಣ್ಣಗಿದ್ದರೂ ಹರೆಯ ಶುರುವಾಗಿದೆ ಎಂದೇ ಲೆಕ್ಕ. 14 ತುಂಬಿದರೂ ಅಷ್ಟಾಗಿಲ್ಲವೆಂದರೆ ತಡ. ನಿಮ್ಮ ಮಗನಿಗೆ ಆ ವಯಸ್ಸು ದಾಟಿದೆ, ತೋರಿಸಿ.

(ಹೆಣ್ಣುಮಕ್ಕಳಿಗೆ 13 ಆದರೂ ಎದೆ ಮೂಡದಿದ್ದರೆ, 15 ಆದರೂ ಮುಟ್ಟಾಗದಿದ್ದರೆ ತೋರಿಸಬೇಕು. 'ನಿಧಾನವಾದಷ್ಟೂ ಒಳ್ಳೆಯದೇ' ಎಂದು ಸುಮ್ಮನಿರುವ ಮನೆಗಳನ್ನು ಕಂಡಿದ್ದೇನೆ. ಹುಡುಗಿ ಕುಳ್ಳಗೂ ಇದ್ದರೆ ಟರ್ನರ್ ಸಿಂಡ್ರೋಮ್, ಅಂದರೆ ಒಂದು ಎಕ್ಸ್ ವರ್ಣತಂತು ಪೂರ್ತಿಯೋ ಭಾಗಶಃವೋ ಇಲ್ಲದ ಹುಟ್ಟು ಸ್ಥಿತಿ, ಇದೆಯೇ ಎಂದು ವರ್ಣತಂತು ಪರೀಕ್ಷೆ ಮಾಡಿಸುತ್ತಾರೆ.)

ಹಾಸನದಲ್ಲೇ ಮಕ್ಕಳ ತಜ್ಞರಿಂದ ಶುರುಮಾಡಿ. ಮೂಳೆಯ ವಯಸ್ಸು ತಿಳಿಯಲು ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆಸುತ್ತಾರೆ. 14ರ ಹುಡುಗನ ಮೂಳೆಗೆ ಇನ್ನೂ 12 ಎಂದಾದರೆ ಬೆಳೆಯಲು ಜಾಗವಿದೆ. ಥೈರಾಯ್ಡ್, ರಕ್ತಹೀನತೆ, ಮೆದುಳಿನ ಬುಡದ ಗ್ರಂಥಿಯಿಂದ ಬಂದು ವೃಷಣವನ್ನು ಎಚ್ಚರಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನ್‌ಗಳು, ಗಂಡು ಹಾರ್ಮೋನ್ ಟೆಸ್ಟೋಸ್ಟಿರೋನ್, ಇವುಗಳ ಪರೀಕ್ಷೆಗಳೂ ಇವೆ. 'ವಾಸನೆ ಗೊತ್ತಾಗುತ್ತದಾ?' ಎಂದು ಕೇಳಿದರೆ ನಗಬೇಡಿ. ಕಾಫಿ ಹುರಿಯುವ ಮನೆಯಲ್ಲಿದ್ದೂ ಘಮ ತಿಳಿಯದ ಹುಡುಗನಿಗೆ ಕಾಲ್ಮನ್ ಸಿಂಡ್ರೋಮ್ ಇರಬಹುದು, ಅಂದರೆ ಹರೆಯ ಶುರುಮಾಡುವ ಸೂಚನೆ ಮೆದುಳಿನಿಂದ ಹೋಗದ ಹುಟ್ಟು ತೊಂದರೆ. ಅದು ಕಾದರೆ ಸರಿಹೋಗುವಂಥದ್ದಲ್ಲ.

ಅತ್ತೆಯವರಿಗೆ ಬೇಜಾರಾಗದಂತೆ ಲೇಹ್ಯವನ್ನು ಅಟ್ಟಕ್ಕೇರಿಸಿ. ಮನೆತನದ ತಡವೇ ಆಗಿದ್ದರೆ ಸಾಮಾನ್ಯವಾಗಿ ಔಷಧಿಯೇ ಬೇಡ, ಆರು ತಿಂಗಳಿಗೊಮ್ಮೆ ತೋರಿಸಿದರೆ ಸಾಕು. ಹುಡುಗ ತೀರಾ ಕುಗ್ಗಿದ್ದರೆ ತಜ್ಞರು ಕೆಲವು ತಿಂಗಳು ಸಣ್ಣ ಪ್ರಮಾಣದ ಟೆಸ್ಟೋಸ್ಟಿರೋನ್ ಕೊಡುವುದುಂಟು.

ಚೌಕಟ್ಟನ್ನು ಹೊತ್ತೊಯ್ಯಲಾಗದು, ಗೆರೆಗಳನ್ನು ಟೇಪು ಹಿಡಿದು ಅಳೆದು ವರ್ಷದ ಸಮೇತ ಬರೆದುಕೊಂಡು ಹೋಗಿ. ವರ್ಷಕ್ಕೆ 4 ಸೆಂ.ಮೀ.ಗೂ ಕಡಿಮೆ ಬೆಳೆದಿದ್ದರೆ ಅದು ವೈದ್ಯರಿಗೆ ಗೊತ್ತಾಗಲೇಬೇಕು. ಮಣಿಸರದ ವಿಷಯ ಮಗನಿಗೆ ಮೊದಲೇ ಅಪ್ಪನ ಬಾಯಿಂದ ತಿಳಿಯಲಿ. ಒಳಗೆ ಜೊತೆಗೆ ಯಾರಿರಬೇಕು ಅನ್ನುವುದು ಅವನಿಷ್ಟ.