ಸ್ಟೆಂಟ್ ಹಾಕಿದ ಮೇಲೂ ಹೃದಯದ ಎಂಆರ್‌ಐ ಏಕೆ?

ತಂದೆಯವರಿಗೆ ಹೃದಯಾಘಾತವಾಗಿ ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಲೋಹದ ಸಣ್ಣ ಜಾಲರಿ) ಹಾಕಿದ್ದಾರೆ, ಎಕೋ (ಹೃದಯದ ಅಲ್ಟ್ರಾಸೌಂಡ್) ಕೂಡ ಆಗಿದೆ, ಮತ್ತೆ ಎಂಆರ್‌ಐ ಏಕೆ, ಒಳಗಿರುವ ಲೋಹದಿಂದ ಅಪಾಯವಿಲ್ಲವೇ ಎಂದು ಕೇಳಿದ್ದೀರಿ. ನಾನು ಎಂಆರ್‌ಐ ತಂತ್ರಜ್ಞ. ಈ ಭಯ ಹೊತ್ತು ಬರುವವರನ್ನು ದಿನವೂ ನೋಡುತ್ತೇನೆ. ಈಗ ಬಳಸುವ ಸ್ಟೆಂಟ್‌ಗಳನ್ನು ಎಂಆರ್‌ಐ ಯಂತ್ರದ ಅಯಸ್ಕಾಂತ ಎಳೆದು ಕದಲಿಸುವುದಿಲ್ಲ. ಹಾಕಿದ ಕೆಲವೇ ದಿನಗಳಲ್ಲೂ ಸ್ಕ್ಯಾನ್ ಮಾಡುತ್ತೇವೆ. ಸ್ಟೆಂಟ್ ಜೊತೆ ಕೊಟ್ಟ ಕಾರ್ಡ್ ತನ್ನಿ, ಸಾಕು. ಪೇಸ್‌ಮೇಕರ್ ಅಥವಾ ದೇಹದೊಳಗೆ ಬೇರಾವುದೇ ಸಾಧನ, ಲೋಹ ಇದ್ದರೆ ಮೊದಲೇ ತಿಳಿಸಲೇಬೇಕು.

ಇನ್ನು ಎಕೋ ವಿಷಯ. ಹೃದಯದ ಗೋಡೆ ಎಲ್ಲಿ ಸರಿಯಾಗಿ ಅಲುಗುತ್ತಿಲ್ಲ ಎಂಬುದನ್ನು ಅದು ಚೆನ್ನಾಗಿಯೇ ತೋರಿಸುತ್ತದೆ. ಆದರೆ ಅಲುಗದ ಸ್ನಾಯುವೆಲ್ಲ ಸತ್ತಿರುವುದಿಲ್ಲ. ರಕ್ತ ನಿಂತ ಆಘಾತಕ್ಕೆ ಮಂಕಾಗಿ, ಜೀವ ಹಿಡಿದುಕೊಂಡಿರುವ ಸ್ನಾಯುವೂ ಇರುತ್ತದೆ. ಅದು ವಾರಗಳಲ್ಲಿ ಚೇತರಿಸಿಕೊಳ್ಳಬಹುದು. ಇವೆರಡನ್ನು ಬೇರ್ಪಡಿಸಿ ಹೇಳುವುದಕ್ಕೇ ಎಂಆರ್‌ಐ ಬೇಕು.

ರಕ್ತನಾಳಕ್ಕೆ ಗ್ಯಾಡೊಲಿನಿಯಂ ಎಂಬ ಲೋಹಾಂಶ ಇರುವ, ಚಿತ್ರದಲ್ಲಿ ವ್ಯತ್ಯಾಸ ತೋರಿಸುವ ಔಷಧ ಕೊಟ್ಟು ಹತ್ತು ನಿಮಿಷದಷ್ಟು ಕಾಯುತ್ತೇವೆ. ಅದು ಜೀವಂತ ಕೋಶದೊಳಗೆ ಹೋಗುವುದಿಲ್ಲ, ಕೋಶಗಳ ನಡುವಿನ ಸಂದುಗಳಿಂದ ಬೇಗ ತೊಳೆದುಹೋಗುತ್ತದೆ. ಕೋಶಗಳು ಒಡೆದುಹೋದ ಜಾಗದಲ್ಲಿ ಮಾತ್ರ ಉಳಿದುಕೊಳ್ಳುತ್ತದೆ. ಹಾಗಾಗಿ ಚಿತ್ರದಲ್ಲಿ ಬದುಕಿರುವ ಸ್ನಾಯು ಕಪ್ಪಾಗಿಯೂ ಸತ್ತದ್ದು ಬೆಳ್ಳಗೂ ಕಾಣುತ್ತದೆ. ಹೃದಯದ ಗೋಡೆ ಸಾಯುವುದು ಒಳಪದರದಿಂದ ಹೊರಕ್ಕೆ. ಬಿಳುಪು ದಪ್ಪದ ಕಾಲು ಭಾಗದಲ್ಲೇ ನಿಂತಿದೆಯೋ, ಅರ್ಧ ದಾಟಿದೆಯೋ ಎಂದು ವೈದ್ಯರು ಅಳೆಯುತ್ತಾರೆ. ಅರ್ಧ ದಾಟಿದ್ದರೆ ಆ ಭಾಗ ಮತ್ತೆ ಬಲವಾಗಿ ಸಂಕುಚಿಸುವ ಸಾಧ್ಯತೆ ಕಡಿಮೆ. 2000ದಿಂದೀಚೆಗೆ ಈ ಲೆಕ್ಕಕ್ಕೆ ಗಟ್ಟಿ ಆಧಾರವಿದೆ. ಕೆಲವೊಮ್ಮೆ ಬಿಳುಪಿನ ನಡುವೆ ಕಪ್ಪು ಚುಕ್ಕೆ ಕಾಣುತ್ತದೆ. ದೊಡ್ಡ ನಾಳ ತೆರೆದಿದ್ದರೂ ಅಲ್ಲಿನ ಸೂಕ್ಷ್ಮ ನಾಳಗಳು ಮುಚ್ಚಿಯೇ ಇವೆ ಎಂದರ್ಥ. ಅದನ್ನು ಕಂಡಾಗ ನನ್ನ ಮನಸ್ಸು ಭಾರವಾಗುತ್ತದೆ. ಎಕೋ ಕಣ್ಣಿಗೆ ತಪ್ಪಿಸಿಕೊಂಡ ರಕ್ತದ ಹೆಪ್ಪು ಸಿಕ್ಕರೆ ಚಿಕಿತ್ಸೆಯೇ ಬದಲಾಗುತ್ತದೆ.

ಇದರಲ್ಲಿ ಎಕ್ಸ್‌ರೇ ವಿಕಿರಣವಿಲ್ಲ. ಮೂತ್ರಪಿಂಡದ ತೊಂದರೆ ಇದ್ದರೆ, ಆ ಔಷಧ ಕೊಡುವ ಮೊದಲು ನೋಡಲು ರಕ್ತಪರೀಕ್ಷೆಯ ವರದಿ ತನ್ನಿ.

ಒಂದು ಸಹಾಯ ನಿಮ್ಮಿಂದಲೇ ಆಗಬೇಕು. ಸ್ಕ್ಯಾನ್‌ಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ, ಅದರಲ್ಲಿ ಹಲವು ಸಲ ಉಸಿರು ಹೊರಗೆ ಬಿಟ್ಟು ಹತ್ತು ಹದಿನೈದು ಸೆಕೆಂಡು ತಡೆಯಬೇಕು. ಚಿತ್ರ ಕಲಸಿಹೋಗುವುದು ಹೆಚ್ಚಾಗಿ ಇಲ್ಲಿಯೇ. ತಂದೆಯವರಿಗೆ ಮನೆಯಲ್ಲೇ ನಿಧಾನವಾಗಿ ರೂಢಿ ಮಾಡಿಸಿ. ಆಯಾಸವಾದರೆ ಒತ್ತಾಯ ಬೇಡ, ನಮಗೆ ಹೇಳಿ. ಉಸಿರಾಡುತ್ತಿರುವಾಗಲೇ ಚಿತ್ರ ತೆಗೆಯುವ ವಿಧಾನಗಳೂ ಇವೆ.