ಪೂಲಿನ ತಳದಲ್ಲಿ ದಿನಾ ಬೆಳಿಗ್ಗೆ ಕೂರುವ ಕಂದು ಗಸಿ

ನೀರು–ಪಂಪು: ಓದುಗರ ಪ್ರಶ್ನೆಗೆ ತೀರ್ಥಹಳ್ಳಿಯ ಪಂಪ್ ಮೆಕ್ಯಾನಿಕ್ ಉತ್ತರ

ಪ್ರಶ್ನೆ: ನಮ್ಮದು ಹೊಸನಗರದ ಕಡೆ ಒಂದು ಹೋಂಸ್ಟೇ. ಎರಡು ವರ್ಷದ ಹಿಂದೆ 10 ಮೀಟರ್ ಉದ್ದ, 5 ಮೀಟರ್ ಅಗಲದ ಪೂಲ್ ಕಟ್ಟಿಸಿದೆವು. ಸ್ಯಾಂಡ್ ಫಿಲ್ಟರ್ ಇದೆ. ಈಚೆಗೆ ದಿನಾ ಬೆಳಿಗ್ಗೆ ತಳದಲ್ಲಿ ಕಾಫಿ ಪುಡಿ ಬಣ್ಣದ ನಯವಾದ ಗಸಿ ಕೂತಿರುತ್ತದೆ. ಮೇಲಿನ ನೀರು ಮಾತ್ರ ತಿಳಿ. ಬ್ರಶ್ ತಾಗಿಸಿದರೆ ಎದ್ದು ಎಲ್ಲಾ ರಾಡಿ. ವ್ಯಾಕ್ಯೂಮ್ ಹಾಕಿ ಎಳೆದರೆ ಹೋಗುತ್ತದೆ, ಮರುದಿನ ಮತ್ತೆ ಹಾಜರ್. ಒಬ್ಬರು ಪಾಚಿ ಎಂದರು, ಪಾಚಿಯ ಔಷಧಿ ಹಾಕಿದ್ದಾಯಿತು. ಇನ್ನೊಬ್ಬರು ಫಿಲ್ಟರಿನ ಮರಳೇ ಹೊರಗೆ ಬರುತ್ತಿದೆ, ಪೂರ್ತಿ ಬಿಚ್ಚಬೇಕು ಎಂದರು. ಕೆಲಸಕ್ಕೆ ಬರುವ ಅಜ್ಜಿ ಯಾರೋ ಮಾಟ ಮಾಡಿಸಿದ್ದಾರೆ ಎನ್ನುತ್ತಾರೆ! ಕ್ಲೋರಿನ್ ಎಷ್ಟು ಹಾಕಿದರೂ ಸಾಲುತ್ತಿಲ್ಲ. ಅಂದ ಹಾಗೆ, ಶಿವರಾತ್ರಿ ಕಳೆದ ಮೇಲೆ ಅಬ್ಬಿ ನೀರು (ಗುಡ್ಡದಿಂದ ತಾನಾಗಿ ಹರಿದು ಬರುವ ನೀರು) ನಿಂತಿದೆ. ಈ ವರ್ಷ ಕೊರೆಸಿದ ಬೋರ್‌ವೆಲ್ ನೀರನ್ನೇ ಬಿಡುತ್ತಿದ್ದೇವೆ. ಏನು ಮಾಡೋಣ ಅಣ್ಣ?
— ಹೋಂಸ್ಟೇ ನಡೆಸುವ ದಂಪತಿ, ಹೊಸನಗರ ತಾಲ್ಲೂಕು

ಉತ್ತರ: ಮಾಟ ಅಲ್ಲ ಮಾರಾಯ್ರೇ, ಬೋರ್‌ವೆಲ್. ಪತ್ರದ ಮುಖ್ಯ ಮಾತನ್ನೇ ನೀವು ಕೊನೆಗೆ, "ಅಂದ ಹಾಗೆ" ಅಂತ ಹೇಳಿದ್ದೀರಿ. ಅಬ್ಬಿ ನೀರು ಇದ್ದಾಗ ಇಲ್ಲದ ಗಸಿ ಬೋರ್ ನೀರು ಬಿಟ್ಟ ಮೇಲೆ ಬಂದಿದೆ ಅಂದರೆ ನನ್ನ ಅನುಮಾನ ಕಬ್ಬಿಣದ ಮೇಲೆ. ಆದರೆ ನನ್ನ ಅನುಮಾನವನ್ನೂ ಸೇರಿಸಿ ಯಾರ ಅನುಮಾನಕ್ಕೂ ದುಡ್ಡು ಸುರಿಯಬೇಡಿ. ಗಸಿ ಏನು ಅಂತ ಗೊತ್ತಾಗದೆ ಔಷಧಿ ಹಾಕುವುದು ನನಗೆ ಸುತಾರಾಂ ಇಷ್ಟವಿಲ್ಲ. ಮೊದಲು ಅದನ್ನು ಹಿಡಿದು ನೋಡಿ.

ಹಿಡಿಯುವುದು ಹೇಗೆ ಅಂದ್ರಾ? ಕೈ ಹಾಕಿದರೆ ಎದ್ದು ಓಡಿಹೋಗುತ್ತದೆ. ಗಾರೆಯವರು ಮಟ್ಟ ನೋಡುವ ತೆಳುವಾದ ಲೆವೆಲ್ ಪೈಪ್ ಇರುತ್ತದಲ್ಲ, ಒಳಗಿನದು ಕಾಣುವಂಥದ್ದು, ಅದರಲ್ಲಿ ಎರಡು ಮೀಟರ್ ತುಂಡು ತಗೊಳ್ಳಿ. ಒಂದು ಬಿದಿರು ಕೋಲಿಗೆ ಕಟ್ಟಿ. ಮೇಲಿನ ತುದಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ, ಕೆಳಗಿನ ತುದಿಯನ್ನು ಮೆಲ್ಲಗೆ ಗಸಿಯ ಹತ್ತಿರ ಇಳಿಸಿ. ಬೆರಳು ತೆಗೆದ ಕೂಡಲೇ ನೀರಿನ ಜೊತೆ ಗಸಿಯೂ ಪೈಪಿನೊಳಗೆ ನುಗ್ಗುತ್ತದೆ. ಮತ್ತೆ ಬೆರಳು ಮುಚ್ಚಿ ಎತ್ತಿ, ಗಾಜಿನ ಲೋಟಕ್ಕೆ ಬಿಡಿ. ಹೀಗೆ ನಾಲ್ಕಾರು ಸಲ ಮಾಡಿದರೆ ಪರೀಕ್ಷೆಗೆ ಬೇಕಾದಷ್ಟು ಸಿಗುತ್ತದೆ.

ಈಗ ಲೋಟದ ತಳದ ಗಸಿಯನ್ನು ಎರಡು ಬೆರಳಿನ ನಡುವೆ ಉಜ್ಜಿ. ಗರಗರ ಅಂದರೆ ಮರಳು. ಫಿಲ್ಟರಿನ ಮರಳು ಸುಮಾರು ಅರ್ಧ ಮಿಲಿಮೀಟರ್ ಗಾತ್ರದ್ದು, ಬೆರಳಿಗೆ ಗೊತ್ತಾಗದೇ ಇರಲು ಸಾಧ್ಯವೇ ಇಲ್ಲ. ಅದು ಪೂಲಿನ ತುಂಬಾ ಹರಡುವುದೂ ಇಲ್ಲ. ನೀರು ವಾಪಸ್ ಬರುವ ಬಾಯಿಯ ಕೆಳಗೆ ಸಣ್ಣ ಗುಡ್ಡೆಯಾಗಿ ಬೀಳುತ್ತದೆ. ನೀವು "ನಯವಾದ ಗಸಿ" ಅಂದಿದ್ದೀರಿ. ಹಾಗಾಗಿ ಫಿಲ್ಟರ್ ಬಿಚ್ಚಬೇಕು ಅಂದವರನ್ನು ಸದ್ಯಕ್ಕೆ ಚಹಾ ಕೊಟ್ಟು ಕಳಿಸಿ.

ಉಳಿದದ್ದು ಪಾಚಿ ಅಥವಾ ಕಬ್ಬಿಣ. ಹಳದಿ ಮಿಶ್ರಿತ ಕಂದು ಬಣ್ಣದ ಒಂದು ಪಾಚಿ ಇದೆ. ನೋಡಲು ಥೇಟ್ ಮಣ್ಣಿನ ಹಾಗೇ ಇರುತ್ತದೆ, ಬ್ರಶ್ ತಾಗಿಸಿದರೆ ಎದ್ದುಬಿಡುತ್ತದೆ. ಆದರೆ ಅದಕ್ಕೆ ನೆರಳು ಇಷ್ಟ. ಬಿಸಿಲು ಬೀಳದ ಗೋಡೆ, ಮೆಟ್ಟಿಲ ಮೂಲೆ, ಇಂಥ ಕಡೆ ಜಾಸ್ತಿ. ಕಬ್ಬಿಣಕ್ಕೆ ಬಿಸಿಲು ನೆರಳಿನ ಭೇದ ಇಲ್ಲ, ತಗ್ಗು ಎಲ್ಲಿದೆಯೋ ಅಲ್ಲಿ ಕೂರುತ್ತದೆ. ಗಸಿಯನ್ನು ಎರಡು ಲೋಟಕ್ಕೆ ಹಂಚಿ. ಒಂದಕ್ಕೆ ಸ್ವಲ್ಪ ಕ್ಲೋರಿನ್ ದ್ರಾವಣ, ಇನ್ನೊಂದಕ್ಕೆ ವಿಟಮಿನ್ ಸಿ ಮಾತ್ರೆಯ ಪುಡಿ ಹಾಕಿ. ಎರಡನ್ನೂ ಒಂದೇ ಲೋಟಕ್ಕೆ ಹಾಕಬೇಡಿ ಮತ್ತೆ. ಕ್ಲೋರಿನ್ ಹಾಕಿದ್ದು ಬಿಳಿಚಿಕೊಂಡರೆ ಪಾಚಿ. ಅಲ್ಲಿ ಏನೂ ಆಗದೆ, ವಿಟಮಿನ್ ಸಿ ಲೋಟದಲ್ಲಿ ಬಣ್ಣ ಕರಗುತ್ತಾ ಬಂದರೆ ಕಬ್ಬಿಣ. ಬಟ್ಟೆಯ ತುಕ್ಕಿನ ಕಲೆಗೆ ನಿಂಬೆಹಣ್ಣು, ಉಪ್ಪು ಹಚ್ಚಿ ಉಜ್ಜುತ್ತಾರಲ್ವಾ, ಅಲ್ಲೂ ಇದೇ ಥರದ ಕೆಲಸ ನಡೆಯುವುದು.

ಬೋರ್ ನೀರನ್ನೂ ನೇರವಾಗಿ ವಿಚಾರಿಸಿಕೊಳ್ಳಿ. ಬಿಳಿ ಬಕೆಟ್ಟಿಗೆ ಬೋರ್ ನೀರು ತುಂಬಿ, ಒಂದು ಚಮಚ ಕ್ಲೋರಿನ್ ದ್ರಾವಣ ಹಾಕಿ ರಾತ್ರಿ ಇಡಿ. ಬೆಳಿಗ್ಗೆ ನೀರು ಹಳದಿ ತಿರುಗಿ ತಳದಲ್ಲಿ ಕಂದು ಪುಡಿ ಕೂತಿದ್ದರೆ ಆಸಾಮಿ ಸಿಕ್ಕಿಬಿದ್ದ ಹಾಗೆ. ಎಷ್ಟು ಕಬ್ಬಿಣ ಇದೆ ಅಂತ ಲೆಕ್ಕ ಬೇಕಿದ್ದರೆ ಗ್ರಾಮ ಪಂಚಾಯ್ತಿಯಲ್ಲಿ ಕೇಳಿ. ಜಲಜೀವನ್ ಮಿಷನ್ನಿನಲ್ಲಿ ಕೊಟ್ಟ ನೀರು ಪರೀಕ್ಷೆಯ ಕಿಟ್‌ನಲ್ಲಿ ಕಬ್ಬಿಣವನ್ನೂ ನೋಡಬಹುದು.

ಇದು ನಮ್ಮ ಕಡೆ ಹೊಸದೇನಲ್ಲ. ನಮ್ಮದು ಜಂಬಿಟ್ಟಿಗೆ ನೆಲ, ಆ ಕೆಂಪೇ ಕಬ್ಬಿಣದ್ದು. ನೆಲದಾಳದಲ್ಲಿ ಗಾಳಿ ಇಲ್ಲ. ಅಲ್ಲಿ ಕಬ್ಬಿಣ ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದ ಹಾಗೆ ಇರುತ್ತದೆ. ಮೇಲೆ ಬಂದು ಗಾಳಿ ತಾಗಿ, ಕ್ಲೋರಿನ್ ಬಿದ್ದ ತಕ್ಷಣ ತುಕ್ಕಾಗಿ ಹೊರಗೆ ಬೀಳುತ್ತದೆ. ಅದಕ್ಕೇ ಪಂಪಿನಿಂದ ಬರುವಾಗ ನೀರು ತಿಳಿ, ಪೂಲಿನಲ್ಲಿ ಗಸಿ. ಒಂದು ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಟ್ಟೆ, ಸಿಂಕ್ ಕಲೆಯಾಗಲು ಶುರು. ನಿಮ್ಮ ಬೋರಿನಲ್ಲಿ 2 ಮಿಲಿಗ್ರಾಂ ಇದೆ ಅಂತ ಇಟ್ಟುಕೊಳ್ಳಿ. ಪೂಲಿನ ಸರಾಸರಿ ಆಳ 1.2 ಮೀಟರ್ ಅಂದರೂ 60 ಸಾವಿರ ಲೀಟರ್ ನೀರು. ಒಂದು ಸಲ ತುಂಬಿಸಿದರೆ 120 ಗ್ರಾಂ ಕಬ್ಬಿಣ, ಅದು ತುಕ್ಕಾದಾಗ ಹತ್ತಿರ ಹತ್ತಿರ ಕಾಲು ಕೆ.ಜಿ. ಪೂರ್ತಿ ತಳಕ್ಕೆ ಬಣ್ಣ ಬಳಿಯಲು ಅಷ್ಟು ಸಾಕು. ಈ ಕೆಲಸಕ್ಕೆ ಕ್ಲೋರಿನ್ ಕೂಡ ಖರ್ಚಾಗುತ್ತದೆ. ಎಷ್ಟು ಹಾಕಿದರೂ ಸಾಲುತ್ತಿಲ್ಲ ಅಂದಿದ್ದಿರಲ್ಲ, ಸ್ವಲ್ಪ ಇಲ್ಲೂ ಹೋಯಿತು.

ಸರಿ, ದಿನಾ ಎಳೆದು ತೆಗೆದರೂ ದಿನಾ ಯಾಕೆ ಬರುತ್ತದೆ? ಒಂದು, ಆವಿಯಾದದ್ದಕ್ಕೆ, ಚೆಲ್ಲಿದ್ದಕ್ಕೆ ನೀವು ದಿನಾ ಹೊಸ ನೀರು ಸೇರಿಸುತ್ತೀರಿ. ಇನ್ನೊಂದು ನಿಮ್ಮ ಪಂಪ್ ರೂಮಿನಲ್ಲಿದೆ. ವ್ಯಾಕ್ಯೂಮ್ ಮಾಡುವಾಗ ಮಲ್ಟಿಪೋರ್ಟ್ ವಾಲ್ವಿನ (ಫಿಲ್ಟರಿನ ಮೇಲೆ ಅಥವಾ ಪಕ್ಕದಲ್ಲಿ ನೀರಿನ ದಾರಿ ಬದಲಿಸುವ ವಾಲ್ವ್) ಹಿಡಿ ಎಲ್ಲಿರುತ್ತದೆ ನೋಡಿ. "ಫಿಲ್ಟರ್" ಮೇಲೆ ಇದ್ದರೆ ಈ ಕಬ್ಬಿಣದ ಪುಡಿ ಮರಳಿನ ಸಂದಿಯಲ್ಲಿ ನುಸುಳಿ ವಾಪಸ್ ಪೂಲಿಗೇ ಬರುತ್ತದೆ. ಅಷ್ಟು ಸಣ್ಣದು ಅದು. ರಾತ್ರಿ ಪಂಪ್ ನಿಂತ ಮೇಲೆ ಆರಾಮಾಗಿ ತಳಕ್ಕೆ ಕೂರುತ್ತದೆ. ಅನುಮಾನ ಇದ್ದರೆ ನೀರು ವಾಪಸ್ ಬರುವ ಬಾಯಿಗೆ ಹಳೇ ಬಿಳಿ ಕಾಲುಚೀಲ ಕಟ್ಟಿ ಒಂದು ಗಂಟೆ ಪಂಪ್ ಓಡಿಸಿ. ಕಾಲುಚೀಲದ ಬಣ್ಣವೇ ಹೇಳುತ್ತದೆ.

ಇನ್ನು ತೆಗೆಯುವ ಕೆಲಸ. ಅತಿಥಿಗಳಿಲ್ಲದ ಎರಡು ದಿನ ನೋಡಿಕೊಳ್ಳಿ. ಪಿಎಚ್, ಅಂದರೆ ನೀರಿನ ಹುಳಿ–ಕ್ಷಾರದ ಅಳತೆ, 7.2ರಿಂದ 7.6ರ ನಡುವೆ ಇರಲಿ. ಸಾವಿರ ಲೀಟರಿಗೆ 25 ಗ್ರಾಂ ಲೆಕ್ಕದಲ್ಲಿ ನಿಮಗೆ ಒಂದೂವರೆ ಕೆ.ಜಿ. ಪಟಿಕ ಬೇಕು. ಬಕೆಟ್ಟಿನಲ್ಲಿ ಪೂರ್ತಿ ಕರಗಿಸಿ ಪೂಲಿನ ಸುತ್ತ ಚಿಮುಕಿಸಿ. ವಾಲ್ವನ್ನು "ರೀಸರ್ಕ್ಯುಲೇಟ್"ಗೆ ಇಟ್ಟು ಒಂದು ಗಂಟೆ ಪಂಪ್ ಓಡಿಸಿ. ಪಟಿಕದ ನೀರು ಫಿಲ್ಟರಿಗೆ ಹೋದರೆ ಮರಳು ಗಟ್ಟಿಯಾಗುತ್ತದೆ, ಅದಕ್ಕೇ ಈ ದಾರಿ. ಆಮೇಲೆ ಪಂಪ್ ಬಂದ್. ಇಡೀ ರಾತ್ರಿ ಯಾರೂ ನೀರು ಮುಟ್ಟಬಾರದು, ಮೊಮ್ಮಕ್ಕಳು ಬಂದಿದ್ದರೂ ಸರಿ. ಬೆಳಿಗ್ಗೆ ಎಲ್ಲಾ ಗಸಿ ದಪ್ಪ ಪದರವಾಗಿ ತಳಕ್ಕೆ ಕೂತಿರುತ್ತದೆ. ಈಗ ವಾಲ್ವ್ "ವೇಸ್ಟ್"ಗೆ ಇಟ್ಟು ವ್ಯಾಕ್ಯೂಮ್ ಮಾಡಿ, ಆಗ ನೀರು ಫಿಲ್ಟರಿಗೆ ಹೋಗದೆ ನೇರ ಹೊರಗೆ ಹೋಗುತ್ತದೆ. ನೆಲ ಸಾರಿಸುವಷ್ಟು ನಿಧಾನವಾಗಿ ಎಳೆಯಬೇಕು. ಅವಸರ ಮಾಡಿದರೆ ಎದ್ದುಬಿಡುತ್ತದೆ, ಮತ್ತೆ ಒಂದು ರಾತ್ರಿ ಕಾಯಬೇಕು. ಎರಡು ಇಂಚು ನೀರು ಹೋದರೆ ಎರಡೂವರೆ ಸಾವಿರ ಲೀಟರ್ ಹೋದ ಹಾಗೆ, ಅಷ್ಟಕ್ಕೆ ತಯಾರಾಗಿರಿ. ಆ ನೀರನ್ನು ಹಳ್ಳಕ್ಕೆ ಬಿಡಬೇಡಿ. ಬಯಲಲ್ಲಿ ಒಂದು ಗುಂಡಿ ತೋಡಿ ಇಂಗಲು ಬಿಡಿ.

ಒಂದು ಮಾತು ಮಾತ್ರ ಮರೆಯಬೇಡಿ. ವಾಲ್ವಿನ ಹಿಡಿ ತಿರುಗಿಸುವ ಮೊದಲು ಪಂಪ್ ಆಫ್ ಮಾಡಿ. ಓಡುತ್ತಿರುವಾಗಲೇ ತಿರುಗಿಸಿದರೆ ಒಳಗೆ ಚಕ್ರದ ಕಡ್ಡಿಗಳ ಹಾಗಿರುವ ರಬ್ಬರ್ ಗ್ಯಾಸ್ಕೆಟ್ ಕಿತ್ತು ಬರುತ್ತದೆ. ಆಮೇಲೆ ಕೊಳೆ ನೀರು ಫಿಲ್ಟರಿಗೇ ಹೋಗದೆ ಅಡ್ಡದಾರಿಯಲ್ಲಿ ಪೂಲಿಗೆ ಸೇರುತ್ತದೆ. ನನ್ನ ಅಂಗಡಿಗೆ "ಫಿಲ್ಟರ್ ಹಾಳಾಗಿದೆ" ಅಂತ ಬರುವ ಎಷ್ಟೋ ದೂರುಗಳು ಈ ಗ್ಯಾಸ್ಕೆಟ್ಟಿನವೇ. ಪ್ರೆಶರ್ ಗೇಜ್ ಮಾಮೂಲಿಗಿಂತ 8–10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್ ಮಾಡಿ (ನೀರನ್ನು ಉಲ್ಟಾ ಹಾಯಿಸಿ ಮರಳು ತೊಳೆಯುವುದು), ಅದಾದ ಮೇಲೆ ಅರ್ಧ ನಿಮಿಷ "ರಿನ್ಸ್". ರಿನ್ಸ್ ಬಿಟ್ಟರೆ ಮರಳಿನ ಅಡಿ ಉಳಿದ ಕೊಳೆ ಪಂಪ್ ಹಾಕಿದ ಕೂಡಲೇ ಪೂಲಿಗೆ ಉಗಿದ ಹಾಗೆ ಬರುತ್ತದೆ.

ಇಷ್ಟೆಲ್ಲ ಮಾಡಿ ಮತ್ತೆ ಅದೇ ಬೋರ್ ನೀರು ನೇರ ಬಿಟ್ಟರೆ ಸುಮ್ನೆ ಮೈಕೈ ನೋವು. ಪಕ್ಕದಲ್ಲಿ ಒಂದು ಟ್ಯಾಂಕ್ ಇಡಿ. ಬೋರ್ ನೀರು ಅದಕ್ಕೆ ಮೇಲಿಂದ ಶವರಿನ ತಲೆಯ ಮೂಲಕ ಬೀಳಲಿ. ಗಾಳಿ ತಾಗುವುದೇ ಅರ್ಧ ಔಷಧಿ. ಸ್ವಲ್ಪ ಕ್ಲೋರಿನ್ ಹಾಕಿ ರಾತ್ರಿ ಬಿಟ್ಟರೆ ತುಕ್ಕು ಟ್ಯಾಂಕಿನ ತಳದಲ್ಲೇ ಕೂರುತ್ತದೆ. ತಳದಿಂದ ಒಂದು ಅಡಿ ಮೇಲೆ ನಲ್ಲಿ ಕೂರಿಸಿ, ಅಲ್ಲಿಂದ ಪೂಲಿಗೆ ನೀರು ಬಿಡಿ. ಕಬ್ಬಿಣವನ್ನು ನೀರಿನಲ್ಲೇ ಕರಗಿಸಿ ಹಿಡಿದಿಡುವ ಬಾಟಲಿ ಔಷಧಿಯೂ ಸಿಗುತ್ತದೆ. ಕೆಲಸ ಮಾಡುವುದಿಲ್ಲ ಅಂತಲ್ಲ. ಆದರೆ ಅದರ ಶಕ್ತಿ ಮುಗಿದ ಮೇಲೆ ಕಬ್ಬಿಣ ಮತ್ತೆ ಹೊರಬೀಳುತ್ತದೆ. ಸಾಲ ತೀರಿಸಲು ಸಾಲ ಮಾಡುವುದು ನನಗೆ ಹಿಡಿಸುವುದಿಲ್ಲ. ಮತ್ತೆ ನೀವು ಹಾಕಿದ ಪಾಚಿಯ ಔಷಧಿಯ ಬಾಟಲಿ ತಿರುಗಿಸಿ ಓದಿ. ತಾಮ್ರ ಇದ್ದರೆ ಇನ್ನು ಮುಂದೆ ಹಾಕಬೇಡಿ. ಒಂದು ಲೋಹ ಸಾಲದು ಅಂತ ಇನ್ನೊಂದನ್ನು ಕರೆದ ಹಾಗಾಗುತ್ತದೆ.

ಪ್ರಶ್ನೆ: ನಮ್ಮ ಮನೆಯ ಸಣ್ಣ ಪೂಲಿನ ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ಬ್ಲೀಚಿಂಗ್ ಪೌಡರನ್ನು ಸಂಜೆ ಹೊತ್ತು ನೇರ ಎರಚುತ್ತೇನೆ. ಇದು ಕ್ಲೋರಿನ್ ಕರಗದೇ ಉಳಿದದ್ದಾ?
— ಗೃಹಿಣಿ, ಸಾಗರ

ಉತ್ತರ: ಕ್ಲೋರಿನ್ ಅಲ್ಲ ಅಕ್ಕಾ, ಸುಣ್ಣ. ಬ್ಲೀಚಿಂಗ್ ಪೌಡರ್ ಮಾಡುವುದೇ ಸುಣ್ಣಕ್ಕೆ ಕ್ಲೋರಿನ್ ಹಾಯಿಸಿ. ಹೊಸ ಚೀಲದಲ್ಲೂ ಕೆಲಸಕ್ಕೆ ಬರುವ ಕ್ಲೋರಿನ್ ಶೇ. 30–35ರಷ್ಟು, ಚೀಲ ಬಿಚ್ಚಿಟ್ಟರೆ ಅದೂ ಇಳಿಯುತ್ತದೆ.  ಇನ್ನು ಮುಂದೆ ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಪೌಡರ್ ಹಾಕಿ ಕಲಸಿ, ಒಂದು ಗಂಟೆ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಪೂಲಿಗೆ ಹೊಯ್ಯಿರಿ. ಬಕೆಟ್ಟಿನ ಗಸಿ ಪೂಲಿಗೆ ಬೇಡ. ಅಂಗಡಿಯಲ್ಲಿ ಕ್ಲೋರಿನ್ ಮಾತ್ರೆ, ಹರಳು ಅಂತ ಬೇರೆಯದೂ ಕೊಡುತ್ತಾರೆ. ಅದನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಬಕೆಟ್, ಒಂದೇ ಚಮಚದಲ್ಲಿ ಯಾವತ್ತೂ ಬೆರೆಸಬೇಡಿ. ಕಾದು ಬೆಂಕಿ ಹತ್ತಿಕೊಳ್ಳುತ್ತದೆ. ಆಸಿಡ್ ತಾಗಿದರೆ ವಿಷದ ಗಾಳಿ ಬರುತ್ತದೆ. ಮೂರನ್ನೂ ಬೇರೆ ಬೇರೆ ಜಾಗದಲ್ಲಿ, ಮಳೆ ಹನಿ ತಾಗದ ಕಡೆ ಇಡಿ.

ಪ್ರಶ್ನೆ: ಮಳೆಗಾಲ ಶುರುವಾದ ಮೇಲೆ ನಮ್ಮ ಪೂಲಿನಲ್ಲಿ ನೀಲಿ ಛಾಯೆಯ ಗಸಿ. ಹಿಂದಿನ ವರ್ಷವೂ ಹೀಗೇ ಆಗಿತ್ತು. ಸುತ್ತ ಅಡಿಕೆ ತೋಟ. ಯಾಕಿರಬಹುದು?
— ಆಗುಂಬೆ ರಸ್ತೆಯ ಓದುಗರು

ಉತ್ತರ: ಉತ್ತರ ತೋಟದಲ್ಲೇ ಇದೆಯಲ್ಲ ಸ್ವಾಮಿ. ಕೊಳೆರೋಗಕ್ಕೆ ಬೋರ್ಡೋ ಹೊಡೆಸಿದ್ದೀರಿ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ಅದರಲ್ಲಿರುವುದು ತಾಮ್ರ), 1 ಕೆ.ಜಿ. ಸುಣ್ಣ. ಅಡಿಕೆ ಗೊನೆಗೆ ಹೊಡೆಯುವಾಗ ಗಾಳಿಗೆ ಹಾರಿದ ಹನಿ ಪೂಲಿಗೂ ಬೀಳುತ್ತದೆ. ಪೂಲ್ ತೋಟಕ್ಕಿಂತ ತಗ್ಗಿನಲ್ಲಿದ್ದರೆ ಮಳೆ ನೀರೂ ಹೊತ್ತು ತರುತ್ತದೆ. ಮಳೆ ನೀರಿನಿಂದ ಪಿಎಚ್ ಇಳಿದರೆ ಗಸಿಯ ತಾಮ್ರ ಕರಗಿ ನೀರು ಸೇರುತ್ತದೆ. ಆಮೇಲೆ ತೆಗೆಯುವುದು ಕಷ್ಟ. ಹಾಗಾಗಿ ಗಸಿ ಕಂಡ ದಿನವೇ "ವೇಸ್ಟ್"ಗೆ ಎಳೆದುಬಿಡಿ. ಹಳ್ಳಕ್ಕೆ ಮಾತ್ರ ಬೇಡ, ತಾಮ್ರ ಮೀನಿಗೆ ಆಗುವುದಿಲ್ಲ. ಮುಂದಿನ ಸಲ ಔಷಧಿ ಹೊಡೆಯುವ ಹಿಂದಿನ ದಿನವೇ ಪೂಲಿಗೆ ಟಾರ್ಪಾಲು ಮುಚ್ಚಿ. ಔಷಧಿ ಹೊಡೆಯಲು ಬರುವ ಕೊನೆಗೌಡರಿಗೂ ಒಂದು ಮಾತು ಹೇಳಿಡಿ, ದೋಟಿ ತೊಳೆಯುವುದು ಪೂಲಿನ ಕಟ್ಟೆ ಮೇಲೆ ಬೇಡ ಅಂತ.