"7+ ಅಂತ ಇದೆಯಲ್ಲ ಮೇಡಂ, ಮತ್ತೇನು ಭಯ?"

(ಸಲಹೆ ಕೇಳೋಕೆ ನನ್ನ ಹತ್ರ ಬಂದ ಒಬ್ಬ ಅಮ್ಮ, ಮಗನ ಕಥೆ ಇದು. ಗುರುತು ಸಿಗಬಾರದು ಅಂತ ಊರು, ವಯಸ್ಸು ಎಲ್ಲಾ ಸ್ವಲ್ಪ ಬದಲಾಯಿಸಿದೀನಿ.)

ಹುಡುಗನಿಗೆ ಹನ್ನೊಂದು, ಆರನೇ ಕ್ಲಾಸು. ರಜೆಗೆ ದೊಡ್ಡಪ್ಪನ ಮನೆಗೆ ಹೋದಾಗ ಅಲ್ಲಿ ಅಣ್ಣ ಕಂಪ್ಯೂಟರಲ್ಲಿ ಜಿಟಿಎ ಅನ್ನೋ ಗನ್ ಹಿಡಿದು ಹೊಡೆದಾಡೋ ಗೇಮ್ ಆಡೋದು ನೋಡ್ಕೊಂಡು ಬಂದು ನಂಗೂ ಅದೇ ಬೇಕು ಅಂತ ಹಠ ಮಾಡಿದಾನೆ, ಅಮ್ಮ ಖಡಾಖಂಡಿತ ಬೇಡ ಅಂದಿದಾರೆ. "ಈಗ ಬರೀ ಮನೆ ಕಟ್ಟೋ ಆಟ ಆಡ್ತಾನೆ ಮೇಡಂ, ಪ್ಲೇಸ್ಟೋರಲ್ಲಿ 7+, ಅಂದ್ರೆ ಏಳು ವರ್ಷ ಆದವರು ಆಡಬಹುದು ಅಂತಿದೆ, ಆದ್ರೂ ಸಿಡಿಸಿಡಿ ಅಂತಾನೆ, ರಾತ್ರಿ ಸರಿಯಾಗಿ ಮಲಗಲ್ಲ, ಆ ಗನ್ ಆಟ ನೋಡಿದ್ದೇ ತಲೆಗೆ ಹತ್ತಿದೆ ಅನ್ಸುತ್ತೆ."

ಜಿಟಿಎ ಬೇಡ ಅಂದಿದ್ದು ಸರಿನೇ. 2013ರಲ್ಲಿ ಬಂದ ಜಿಟಿಎ ಫೈವ್‌ಗೆ ಯುರೋಪಲ್ಲಿ ಗೇಮ್‌ಗಳಿಗೆ ವಯಸ್ಸಿನ ನಂಬರ್ ಕೊಡೋ ಸಂಸ್ಥೆ ಪೆಗಿ ಕೊಟ್ಟಿರೋದು 18, ಅದೇ ಕೆಲಸ ಮಾಡೋ ಅಮೆರಿಕದ ಇಎಸ್‌ಆರ್‌ಬಿ ಲೆಕ್ಕದಲ್ಲಿ 17 ತುಂಬಿದವರಿಗೆ. ಹನ್ನೊಂದರ ಮಗುಗೆ ಅದು ಬೇಡ, ಮಾತೇ ಇಲ್ಲ.

ಆದ್ರೆ ನಿದ್ದೆ ಕೆಟ್ಟಿರೋದು ಯಾಕೆ ಅಂತ ನಂಗೆ ಅನುಮಾನ ಇತ್ತು. ಅಮ್ಮನ್ನ ಹೊರಗೆ ಕೂರಿಸಿ, "ನಂಗೆ ಈ ಮನೆ ಕಟ್ಟೋ ಆಟ ಬರಲ್ಲ, ಕಲಿಸ್ತೀಯಾ?" ಅಂದೆ. ಅರ್ಧ ಗಂಟೆ ಪಕ್ಕದಲ್ಲೇ ಕೂತು ಆಡಿದ್ವಿ, ಚೆನ್ನಾಗಿ ಕಲಿಸಿದ. ನಡುವೆ ಗೇಮ್ ಒಳಗಿನ ಚಾಟ್‌ನಲ್ಲಿ ಯಾರೋ ಮೆಸೇಜ್ ಹಾಕಿದ ತಕ್ಷಣ ಸ್ಕ್ರೀನ್ ತಿರುಗಿಸ್ಕೊಂಡ. ಸುಮ್ನಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ, "ಆಂಟಿ, ಒಬ್ಬ ಅಣ್ಣ ಇದಾನೆ, ಫ್ರೀ ಸ್ಕಿನ್, ಅದೇ ಗೇಮಲ್ಲಿ ನಮ್ಮ ಬೊಂಬೆಗೆ ಹಾಕೋ ಹೊಸ ವೇಷ, ಕೊಡ್ತೀನಿ ಅಂತಾನೆ, ವಾಟ್ಸಾಪ್ ನಂಬರ್ ಕೇಳ್ದ, ಅಮ್ಮಂದು ಕೊಟ್ಟೆ, ಈಗ ಫೋಟೋ ಕೇಳ್ತಿದಾನೆ, ಅಮ್ಮಂಗೆ ಗೊತ್ತಾದ್ರೆ ಹೊಡೀತಾರೆ."

ಇದನ್ನ ನಾನು ಬಚ್ಚಿಡೋಕಾಗಲ್ಲ ಪುಟ್ಟ, ಆದ್ರೆ ಹೇಳೋವಾಗ ನಾನೂ ಜೊತೆಗಿರ್ತೀನಿ ಅಂದೆ. ತಾಯಿ ಬಿಳಿಚ್ಕೊಂಡ್ರು. ಬೈಬೇಡಿ, ಇವತ್ತು ಬೈದ್ರೆ ಮುಂದಿನ ಸಲ ಹೇಳೋದೇ ಇಲ್ಲ ಅಂದೆ. ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಬ್ಲಾಕ್, ರಿಪೋರ್ಟ್, ಆಮೇಲೂ ಅವನು ಬಿಡ್ಲಿಲ್ಲ ಅಂದ್ರೆ ಮಕ್ಕಳ ಸಹಾಯವಾಣಿ 1098 ಇದೆ, ಪೊಲೀಸರ ಹತ್ರನೂ ಹೋಗಬಹುದು, ಮಗನ ತಪ್ಪೇನಿಲ್ಲ ಇದ್ರಲ್ಲಿ ಅಂತ ಅವನ ಮುಂದೇನೇ ಹೇಳಿದೆ.

ಆಗ ಅವರು ಕೇಳಿದ್ದು, "7+ ಅಂತ ಇತ್ತಲ್ಲ ಮೇಡಂ?" ತುಂಬಾ ಅಪ್ಪ ಅಮ್ಮಂದಿರು ಇಲ್ಲೇ ಮೋಸ ಹೋಗೋದು, ಹಾಗಾಗಿ ಬಿಡಿಸಿ ಹೇಳ್ದೆ. ಆ ನಂಬರ್ ಬರೋದು ಗೇಮ್ ಮಾಡಿದವರೇ ಒಂದು ಪ್ರಶ್ನಾವಳಿ ತುಂಬಿ, ಅದ್ರಲ್ಲಿ ರಕ್ತ ಎಷ್ಟು, ಬೈಗುಳ ಎಷ್ಟು, ಹೆದರಿಕೆ ಎಷ್ಟು ಅಂತ ಉತ್ತರ ಕೊಟ್ಟಮೇಲೆ. ಒಳಗೆ ಬಂದು ಮಾತಾಡೋ ಅಪರಿಚಿತರಿಗೆ ಯಾರೂ ವಯಸ್ಸಿನ ನಂಬರ್ ಹಾಕಿರಲ್ಲ. ಗೇಮಲ್ಲಿ ಬೇರೆಯವರ ಜೊತೆ ಮಾತಾಡಬಹುದು, ದುಡ್ಡು ಕೊಟ್ಟು ಐಟಂ ಕೊಳ್ಳಬಹುದು ಅನ್ನೋದು ನಂಬರಿನ ಹತ್ರ ಚಿಕ್ಕ ಅಕ್ಷರದಲ್ಲಿರುತ್ತೆ, ನಂಬರಿಗಿಂತ ಮೊದಲು ಓದಬೇಕಾದ್ದು ಅದೇ.

ಗೇಮ್ ಡಿಲೀಟ್ ಮಾಡಿಸ್ಲಿಲ್ಲ ನಾನು. ಚಾಟ್ ಆಫ್, ಪರ್ಚೇಸ್‌ಗೆ ಪಾಸ್‌ವರ್ಡ್, ಮಗು ಫೋನ್ ಬಳಸೋದನ್ನ ಅಪ್ಪ ಅಮ್ಮ ಹಿಡಿತದಲ್ಲಿಡೋ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿ ರಾತ್ರಿ ಒಂಬತ್ತಕ್ಕೆ ಲಾಕ್, ಫೋನ್ ಹಾಲ್‌ನಲ್ಲೇ ಇರ್ಬೇಕು. ಹೊಸ ಗೇಮ್ ಹಾಕೋ ಮುಂಚೆ ಅಮ್ಮ ಒಂದು ಅರ್ಧ ಗಂಟೆ ತಾನೇ ಆಡಿ ನೋಡಬೇಕು ಅಂದೆ, "ನಂಗೆಲ್ಲಿ ಬರುತ್ತೆ" ಅಂದ್ರು, ಹುಡುಗ ತಕ್ಷಣ "ನಾನು ಕಲಿಸ್ತೀನಮ್ಮ" ಅಂದ.

ಎರಡು ವಾರ ಆಯ್ತು, ನಿದ್ದೆ ಪರವಾಗಿಲ್ಲ ಅಂತೆ. ಮುಂದಿನ ಸಲ ಅಪ್ಪನೂ ಬರಬೇಕು ಅಂದಿದೀನಿ.